‘ಆರ್ಗ್ಯಾನಿಕ್’ ಬಟ್ಟೆ ಕೊಳ್ಳುವ ಮುನ್ನ

ಸಹೋದರಿಯರೇ, ಹಬ್ಬದ ಖರೀದಿಗೆಂದು ಮುನಿರಾಬಾದಿನಿಂದ ಹೊಸಪೇಟೆಗೋ ಕೊಪ್ಪಳಕ್ಕೋ ಹೋಗುತ್ತೀರಿ. ಅಂಗಡಿಯವರು ಮಗುವಿನ ಅಂಗಿ ತೋರಿಸಿ, ‘ಇದು ಆರ್ಗ್ಯಾನಿಕ್’ ಎಂದು ಬೆಲೆ ಏರಿಸಿದರೆ ನೀವು ನೋಡುವುದೇನು? ಮೆತ್ತಗಿದೆಯೇ ಎಂದಷ್ಟೇ ಅಲ್ಲವೇ? ಅದರಿಂದ ಏನೂ ತಿಳಿಯದು.

ಸಾವಯವ ಎಂಬುದು ಮೊದಲಿಗೆ ಹತ್ತಿ ಬೆಳೆದ ರೀತಿಯ ಮಾತು. ರಾಸಾಯನಿಕ ಗೊಬ್ಬರ, ಕೀಟನಾಶಕ ಬಳಸದೆ, ಕುಲಾಂತರಿಯಲ್ಲದ ಬೀಜದಿಂದ ಬೆಳೆದಿರಬೇಕು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು; ಇಂದು ನಮ್ಮ ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಅದೇ. ಹಾಗಾಗಿ ಸಾವಯವ ಹತ್ತಿ ಎಲ್ಲ ಅಂಗಡಿಗಳಲ್ಲೂ ರಾಶಿ ಬೀಳುವಂಥದ್ದಲ್ಲ.

ಕೈಮಗ್ಗವೆಂದರೆ ಸಾವಯವ ಎಂದುಕೊಳ್ಳುವವರೂ ಇದ್ದಾರೆ. ಕುಷ್ಟಗಿಯಾಚೆಯ ಇಳಕಲ್ಲಿನ ಸೀರೆ ಕೈಮಗ್ಗಕ್ಕೆ ಹೆಸರಾದದ್ದು. ಆದರೆ ಅದು ನೇಯ್ಗೆಯ ಗುಣ, ನೂಲಿನ ಮೂಲವಲ್ಲ. ಸಾಗರದ ಹೆಗ್ಗೋಡಿನ ‘ಚರಕ’ ಸಂಸ್ಥೆ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣಗಳಿಂದ ಹೆಸರು ಮಾಡಿತು. ಅದು ಬಣ್ಣದ ಗುಣ.

ಚೀಟಿಯಲ್ಲಿ ‘ಗಾಟ್ಸ್’ ಮುದ್ರೆ, ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು, ಪರವಾನಗಿ ಸಂಖ್ಯೆ ಇವೆಯೇ ನೋಡಿ. ಈ ಮುದ್ರೆಯೊಂದಿಗೆ ‘ಆರ್ಗ್ಯಾನಿಕ್’ ಎಂದಷ್ಟೇ ಬರೆಯಲು ಕನಿಷ್ಠ ಶೇ. 95ರಷ್ಟು ಸಾವಯವ ನೂಲಿರಬೇಕು. ಸಂಖ್ಯೆಯನ್ನು ಮೊಬೈಲಿನಲ್ಲೇ ಪರಿಶೀಲಿಸಬಹುದು, ಸಂಕೋಚ ಬೇಡ. ಮುದ್ರೆಯಿಲ್ಲವೇ? ಒಳ್ಳೆಯ ಹತ್ತಿ ಬಟ್ಟೆಯ ಬೆಲೆಯನ್ನಷ್ಟೇ ಕೊಡಿ. ಮಗುವಿಗೆ ತೊಡಿಸುವ ಮೊದಲು ಒಮ್ಮೆ ಒಗೆಯಿರಿ.