ಡೊರೊಥೆಯಾ ಎರ್ಕ್ಸ್‌ಲೆಬೆನ್: ಜರ್ಮನಿಯ ಪ್ರಥಮ ವೈದ್ಯಪದವೀಧರೆ

ಯೂರೋಪಿನ ವಿದ್ಯಾಪೀಠಗಳ ಇತಿಹಾಸದಲ್ಲಿ 1754ನೆಯ ವರ್ಷಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಆ ವರ್ಷದ ಜೂನ್ 12ರಂದು ಪ್ರಷ್ಯದ ಹಾಲೆ ವಿಶ್ವವಿದ್ಯಾನಿಲಯವು ಡೊರೊಥೆಯಾ ಎರ್ಕ್ಸ್‌ಲೆಬೆನ್ ಎಂಬ ಗೃಹಿಣಿಗೆ ವೈದ್ಯಶಾಸ್ತ್ರದ ಡಾಕ್ಟರ್ ಪದವಿಯನ್ನಿತ್ತಿತು. ಜರ್ಮನಿಯಲ್ಲಿ ಈ ಪದವಿಯನ್ನು ಪಡೆದ ಸ್ತ್ರೀಯರಲ್ಲಿ ಈಕೆಯೇ ಮೊದಲಿಗಳು. ಇದನ್ನು ಸ್ತ್ರೀವಿದ್ಯಾಭ್ಯಾಸದ ವಿಜಯವೆಂದು ವರ್ಣಿಸುವುದು ವಾಡಿಕೆ. ಆದರೆ ಪದವಿಯು ಲಭಿಸಿದ ಬಗೆಯನ್ನು ಪರಿಶೀಲಿಸಿದಾಗ, ಆ ವಿಜಯದ ಮಿತಿಯೂ ನಮಗೆ ವೇದ್ಯವಾಗುತ್ತದೆ.

ಡೊರೊಥೆಯಾ 1715ರ ನವೆಂಬರ್ 13ರಂದು ಕ್ವೆಡ್ಲಿನ್‌ಬುರ್ಗ್ ಪಟ್ಟಣದಲ್ಲಿ ಜನಿಸಿದಳು. ತಂದೆ ಕ್ರಿಶ್ಚಿಯನ್ ಪಾಲಿಕಾರ್ಪ್ ಲೆಪೊರಿನ್ ಅಲ್ಲಿಯ ವೈದ್ಯ. ಆತನು ಮಗನಿಗೆ ಕಲಿಸಿದುದನ್ನೆಲ್ಲ ಮಗಳಿಗೂ ಕಲಿಸಿದನು. ಲ್ಯಾಟಿನ್ ಭಾಷೆ, ವೈದ್ಯಗ್ರಂಥಗಳ ವ್ಯಾಸಂಗ, ತಂದೆಯ ರೋಗಿಗಳ ಆರೈಕೆ, ಇವೇ ಆಕೆಯ ವಿದ್ಯಾಲಯವಾದುವು. ವಿಶ್ವವಿದ್ಯಾನಿಲಯಗಳ ಬಾಗಿಲು ಸ್ತ್ರೀಯರಿಗೆ ಮುಚ್ಚಿತ್ತಾದುದರಿಂದ, ಎರಡನೆಯ ಫ್ರೆಡರಿಕ್ ದೊರೆಗೆ ಮನವಿ ಸಲ್ಲಿಸಿ, 1741ರಲ್ಲಿ ಹಾಲೆಯಲ್ಲಿ ಪದವಿಗೆ ಪ್ರಯತ್ನಿಸಲು ಅನುಮತಿಯನ್ನು ಪಡೆದಳು.

ಮರುವರ್ಷವೇ, ಸ್ತ್ರೀಯರನ್ನು ವ್ಯಾಸಂಗದಿಂದ ದೂರವಿರಿಸುವ ಕಾರಣಗಳನ್ನು ಕುರಿತು ಆಕೆ ಬರೆದ ಗ್ರಂಥವು ತಂದೆಯ ಮುನ್ನುಡಿಯೊಡನೆ ಬರ್ಲಿನ್ನಿನಲ್ಲಿ ಪ್ರಕಟವಾಯಿತು. ಬುದ್ಧಿಶಕ್ತಿಯು ಸ್ತ್ರೀಪುರುಷರಿಬ್ಬರಿಗೂ ದತ್ತವಾದುದು. ಅದನ್ನು ಬಳಸದಿರುವುದು ಸಮಾಜಕ್ಕೇ ನಷ್ಟ. ವಿದ್ಯೆಯಿಂದ ಗೃಹಕೃತ್ಯವು ಕೆಡುವುದೆಂಬ ಭೀತಿಗೆ ಆಧಾರವಿಲ್ಲ. ಇವು ಆ ಗ್ರಂಥದ ಮುಖ್ಯ ವಾದಗಳು.

ಈ ಕೊನೆಯ ಮಾತಿಗೆ ಆಕೆಯ ಬಾಳೇ ಒರೆಗಲ್ಲಾಯಿತು. 1742ರಲ್ಲಿ ಆಕೆ ಯೊಹಾನ್ ಕ್ರಿಶ್ಚಿಯನ್ ಎರ್ಕ್ಸ್‌ಲೆಬೆನ್ ಎಂಬ ಕ್ರೈಸ್ತ ಪುರೋಹಿತನನ್ನು ವರಿಸಿದಳು. ಆತನು ಐದು ಮಕ್ಕಳ ತಂದೆಯಾಗಿದ್ದ ವಿಧುರ. ಆಕೆಗೂ ನಾಲ್ವರು ಮಕ್ಕಳಾದರು. ಪದವಿಯ ಯೋಚನೆ ಹಿಂದೆ ಬಿತ್ತು. ಚಿಕಿತ್ಸೆ ಮಾತ್ರ ನಿಲ್ಲಲಿಲ್ಲ. 1747ರಲ್ಲಿ ತಂದೆಯು ಮರಣ ಹೊಂದಿದ ಬಳಿಕ ಆತನ ವೃತ್ತಿಯ ಭಾರವೂ ಆಕೆಯ ಮೇಲೆ ಬಿದ್ದಿತು.

1753ರಲ್ಲಿ ಆಕೆಯ ಆರೈಕೆಯಲ್ಲಿದ್ದ ರೋಗಿಯೊಬ್ಬಳು ಮೃತಳಾದಳು. ಪಟ್ಟಣದ ಮೂವರು ವೈದ್ಯರು ಇದನ್ನೇ ನೆಪಮಾಡಿಕೊಂಡು, ಪದವಿಯಿಲ್ಲದೆ ವೈದ್ಯ ನಡೆಸುವ ನಕಲಿಯೆಂದು ಆಕೆಯ ಮೇಲೆ ದೂರಿತ್ತರು. ಪರೀಕ್ಷೆಗೆ ನಿಲ್ಲಬೇಕು, ಇಲ್ಲವೆ ವೃತ್ತಿಯನ್ನು ಬಿಡಬೇಕು ಎಂದು ಅಧಿಕಾರಿಗಳು ವಿಧಿಸಿದರು. ಆಗ ಗರ್ಭಿಣಿಯಾಗಿದ್ದ ಆಕೆ ಕಾಲಾವಕಾಶ ಬೇಡಿ, 1754ರ ಜನವರಿಯಲ್ಲಿ ಲ್ಯಾಟಿನ್ ಪ್ರಬಂಧವನ್ನು ಸಲ್ಲಿಸಿದಳು.

ಆ ಪ್ರಬಂಧದ ವಿಷಯವು ಗಮನಾರ್ಹವಾದುದು. ಚಿಕಿತ್ಸೆಯು ಶೀಘ್ರವಾಗಿ, ನಿರಪಾಯವಾಗಿ, ಹಿತವಾಗಿ ನಡೆಯಬೇಕೆಂಬುದು ಪ್ರಾಚೀನ ವೈದ್ಯಸೂತ್ರ. ಶೀಘ್ರತೆಗೂ ಹಿತಕ್ಕೂ ಆತುರಪಟ್ಟರೆ ನಿರಪಾಯತೆಗೇ ಧಕ್ಕೆಯಾಗುವುದೆಂದು ಆಕೆ ವಾದಿಸಿದಳು. ರೋಗಿಯನ್ನು ಮೆಚ್ಚಿಸಲೆಂದು ಭೇದಿಯ ಔಷಧ, ಬೆವರಿಳಿಸುವ ಔಷಧ, ಅಫೀಮು ಮೊದಲಾದುವನ್ನು ವಿವೇಚನೆಯಿಲ್ಲದೆ ಕೊಡುವುದನ್ನು ಖಂಡಿಸಿದಳು. ನಕಲಿಯೆಂಬ ಆರೋಪಕ್ಕೆ ಇದಕ್ಕಿಂತ ಯುಕ್ತವಾದ ಉತ್ತರವುಂಟೆ? ಮೇ 6ರಂದು ವಿಭಾಗದ ಮುಖ್ಯಸ್ಥ ಯೊಹಾನ್ ಯುಂಕರನ ಮನೆಯಲ್ಲಿ ಎರಡು ಗಂಟೆಗಳ ಕಾಲ ಪರೀಕ್ಷೆ ಲ್ಯಾಟಿನ್ನಿನಲ್ಲೇ ನಡೆಯಿತು. ಆಕೆ ಪ್ರಶಂಸೆಯೊಡನೆ ಉತ್ತೀರ್ಣಳಾದಳು. ಮರುವರ್ಷ ಪ್ರಬಂಧವನ್ನು ತಾನೇ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದಳು.

ಎಂಟು ವರ್ಷಗಳ ಕಾಲ ವೃತ್ತಿಯನ್ನು ನಿರಾತಂಕವಾಗಿ ನಡೆಸಿ, 1762ರ ಜೂನ್ 13ರಂದು ಡೊರೊಥೆಯಾ ತೀರಿಕೊಂಡಳು. ಆದರೆ ಆಕೆ ದಾಟಿದ ಬಾಗಿಲು ಆಕೆಯ ಹಿಂದೆಯೇ ಮುಚ್ಚಿಕೊಂಡಿತು. ಜರ್ಮನಿಯಲ್ಲಿ ಸ್ತ್ರೀಯರಿಗೆ ವೈದ್ಯಪರೀಕ್ಷೆಗೆ ಕುಳಿತುಕೊಳ್ಳುವ ಹಕ್ಕು ದೊರೆತುದು 1899ರಲ್ಲಿ. ಪ್ರಷ್ಯದ ವಿಶ್ವವಿದ್ಯಾನಿಲಯಗಳು ಅವರನ್ನು ಕ್ರಮಬದ್ಧವಾಗಿ ಸೇರಿಸಿಕೊಂಡುದು 1908ರಲ್ಲಿ. ಕಾರಣವು ಸ್ಪಷ್ಟವಾಗಿದೆ. ಆಕೆಗೆ ದೊರೆತುದು ರಾಜಾನುಗ್ರಹ, ಹಕ್ಕಲ್ಲ. ಅನುಗ್ರಹವು ಒಬ್ಬರಿಗೆ ದಾರಿಯನ್ನು ತೆರೆಯಬಲ್ಲುದು. ಎಲ್ಲರಿಗೂ ತೆರೆಯುವುದು ನಿಯಮದಿಂದ ಮಾತ್ರ. ಮೊದಲಿಗರ ಹೆಸರುಗಳನ್ನು ನೆನೆಯುವಾಗ, ಅವರ ಹಿಂದೆ ಎರಡನೆಯವರು ಬಂದುದು ಯಾವಾಗ ಎಂಬ ಪ್ರಶ್ನೆಯನ್ನೂ ಇತಿಹಾಸದ ವಿದ್ಯಾರ್ಥಿಗಳಾದ ನಾವು ಕೇಳಬೇಕಾಗಿದೆ.