ಬಟನ್ನಿನಲ್ಲಿ ಕಾಣೆಯಾದ ಒತ್ತಕ್ಷರ

ಮಲೆನಾಡಿನ ಶಿಕ್ಷಕಿಯೊಬ್ಬರು ತಮ್ಮ ಮೊಬೈಲ್ ಪರದೆಯ ಚಿತ್ರ ಕಳಿಸಿ ಒಂದು ಪ್ರಶ್ನೆ ಕೇಳಿದ್ದಾರೆ: “ಸರ್, ಮಕ್ಕಳ ಪರವಾಗಿ ಅರ್ಜಿ ತುಂಬುವ ಜಾಲತಾಣ ಇದು. ಕೊನೇ ಬಟನ್ ಮೇಲೆ ‘ಅರ್ಜಿ ಸಲಿಸಿ’ ಅಂತಿದೆ. ಬರೆದವರಿಗೆ ಕನ್ನಡ ಬರುವುದಿಲ್ಲವೋ, ನನ್ನ ಮೊಬೈಲ್ ಕೆಟ್ಟಿದೆಯೋ?”

ಚಿತ್ರವನ್ನು ಹಿಗ್ಗಿಸಿ ನೋಡಿದೆ. ನೀಲಿ ಬಟನ್ನಿನ ಕೆಳ ಅಂಚಿನಲ್ಲಿ, ‘ಲಿ’ಯ ಬುಡಕ್ಕೆ, ಕೂದಲೆಳೆಯಷ್ಟು ಬಿಳಿ ಗೀರೊಂದು ಉಳಿದಿತ್ತು. ಅದು ಲ ಒತ್ತಿನ ನೆತ್ತಿ. ಬರೆದವರು ‘ಸಲ್ಲಿಸಿ’ ಎಂದು ಸರಿಯಾಗಿಯೇ ಬರೆದಿದ್ದಾರೆ, ಮೊಬೈಲೂ ಒತ್ತನ್ನು ಸರಿಯಾಗಿಯೇ ಮೂಡಿಸಿದೆ. ಒತ್ತು ನಿಲ್ಲಬೇಕಾದ ಕಡೆ ಬಟನ್ ಮುಗಿದುಹೋಗಿದೆ. ಚೌಕಟ್ಟಿನ ಹೊರಗೆ ಬಂದದ್ದನ್ನು ಕತ್ತರಿಸಿ ಹಾಕು ಎಂದು ಜಾಲತಾಣ ಕಟ್ಟಿದವರು ಬ್ರೌಸರಿಗೆ ಹೇಳಿದ್ದಾರೆ, ಅದು ಕತ್ತರಿಸಿದೆ.

ಇಂಥದ್ದನ್ನು ನಾವು ದಿನವೂ ನೋಡುತ್ತೇವೆ. ‘ರದ್ದು’ ಎಂಬುದು ‘ರದು’ ಆಗಿರುತ್ತದೆ, ‘ಹಳ್ಳಿ’ ‘ಹಳಿ’ಯಾಗಿರುತ್ತದೆ, ಕತ್ತೆ ಕತೆಯಾಗುವುದೂ ಉಂಟು. ನೋಡಿ ಅಭ್ಯಾಸವಾಗಿ ಸುಮ್ಮನಿದ್ದೇವೆ. ಆದರೆ ಪರದೆಯ ಮೇಲೆ ಕನ್ನಡದ ಒಂದು ಪದ ಮೂಡುವುದರ ಹಿಂದೆ ಎಷ್ಟು ಸೊಗಸಾದ ಕೆಲಸ ನಡೆಯುತ್ತದೆ ಎಂದು ತಿಳಿದರೆ, ಕೊನೆಯ ಗಳಿಗೆಯಲ್ಲಿ ಅದು ಹೀಗೆ ಹಾಳಾಗುವುದನ್ನು ಸಹಿಸುವುದು ಕಷ್ಟ.

ನಮ್ಮೂರ ಪೇಟೆಬೀದಿಯಲ್ಲಿ ಒಂದು ಮುದ್ರಣಾಲಯವಿತ್ತು. ಲಗ್ನಪತ್ರಿಕೆಯ ಕಾಲದಲ್ಲಿ ಅಲ್ಲಿ ಹಗಲು ರಾತ್ರಿ ಕೆಲಸ. ಕಂಪೋಸಿಟರ್ ಎಡಗೈಯಲ್ಲಿ ಸ್ಟಿಕ್ ಹಿಡಿದು, ಕಣ್ಣು ಹಸ್ತಪ್ರತಿಯ ಮೇಲಿಟ್ಟು, ಬಲಗೈಯಿಂದ ಕೇಸಿನ ಖಾನೆಗಳಿಂದ ಮೊಳೆ ಆರಿಸುತ್ತಿದ್ದರು. ಮೂಲ ಅಕ್ಷರಗಳಿಗೆ ಒಂದು ಕಡೆ ಖಾನೆ, ಒತ್ತುಗಳಿಗೆ ಇನ್ನೊಂದು ಕಡೆ. ಹಸ್ತಪ್ರತಿಯಲ್ಲಿ ‘ಸ್ತ್ರೀ’ ಎಂದಿದ್ದರೆ ಬಾಯಲ್ಲಿ ಹೇಳುವ ಕ್ರಮದಲ್ಲಿ ಮೊಳೆ ಎತ್ತುವಂತಿಲ್ಲ. ಮೊದಲು ಗುಡಿಸು ಹೊತ್ತ ‘ಸಿ’, ಆಮೇಲೆ ತ ಒತ್ತು, ಅದಕ್ಕೆ ಅಂಟಿಕೊಂಡು ರ ಒತ್ತು, ಕಡೆಗೆ ದೀರ್ಘ. ಉಚ್ಚಾರಣೆಯಲ್ಲಿ ಕೊನೆಗೆ ಬರುವ ಸ್ವರದ ಅರ್ಧ ಭಾಗ ಎಲ್ಲಕ್ಕಿಂತ ಮುಂಚೆ ಕೂರುತ್ತದೆ, ಉಳಿದರ್ಧ ಎಲ್ಲಕ್ಕಿಂತ ಹಿಂದೆ. ಆ ಕೈಗೆ ಇದೆಲ್ಲ ಯೋಚನೆಯಿಲ್ಲದೆ ಬರುತ್ತಿತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದೆ ಮೊಳೆಯಲ್ಲಿ ಅಚ್ಚಾದ ಒಂದೊಂದು ಕನ್ನಡ ಪುಟವೂ ಇಂಥ ಕೈಗಳನ್ನು ದಾಟಿಯೇ ಬಂದದ್ದು.

ನಿಮ್ಮ ಮೊಬೈಲಿನೊಳಗೂ ಹಾಗೆಯೇ ಒಬ್ಬ ಕಂಪೋಸಿಟರ್ ಕೂತಿದ್ದಾನೆ. ಅವನಿಗೆ ಬರುವ ಹಸ್ತಪ್ರತಿ ಬರೀ ಅಂಕಿಗಳದ್ದು. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಸಿಕ್ಕಿತು, 3200ರಿಂದ 3327ರವರೆಗೆ. ಭಾರತೀಯ ಭಾಷೆಗಳಿಗೆಂದು ಇಲ್ಲಿಯೇ ರೂಪಿಸಿದ್ದ 1988ರ ಇಸ್ಕಿ ಸಂಕೇತಪಟ್ಟಿಯ ಜೋಡಣೆಯನ್ನೇ ಯೂನಿಕೋಡ್ ಎತ್ತಿಕೊಂಡಿತು. ಈ ಕೇರಿಯಲ್ಲಿ ಒತ್ತಕ್ಷರಗಳಿಗೆ ಮನೆಯೇ ಇಲ್ಲ. ಸ್ವರ, ವ್ಯಂಜನ, ಕಾಗುಣಿತದ ಗುರುತುಗಳು, ಅಂಕಿಗಳು, ಅವುಗಳ ನಡುವೆ 3277ನೇ ಮನೆಯಲ್ಲಿ ವಿರಾಮ ಚಿಹ್ನೆ, ಅಂದರೆ ನಮ್ಮ ಅರ್ಧಾಕ್ಷರದ ‘್’. ಎರಡು ವ್ಯಂಜನಗಳ ನಡುವೆ ಇದು ಬಂತೆಂದರೆ ಎರಡನೆಯದು ಒತ್ತಾಗಬೇಕು ಎಂದು ಅರ್ಥ.

‘ಕರ್ನಾಟಕ’ವನ್ನೇ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ಅದು 3221, 3248, 3277, 3240, 3262, 3231, 3221 ಎಂಬ ಏಳು ಅಂಕಿಗಳು: ಕ, ರ, ವಿರಾಮ, ನ, ಆಕಾರ, ಟ, ಕ. ನಿಯಮವನ್ನು ಹಾಗೆಯೇ ಪಾಲಿಸಿದರೆ ‘ರ’ದ ಕೆಳಗೆ ನ ಒತ್ತು ಬರಬೇಕಿತ್ತು. ಆದರೆ ಕಣ್ಣಿಗೆ ಕಾಣಬೇಕಾದದ್ದು ‘ನಾ’, ಅದರ ಬಲಕ್ಕೆ ಅರ್ಕಾವತ್ತು. ಮೊದಲು ಉಚ್ಚರಿಸುವ ‘ರ್’ ಹಿಂದಕ್ಕೆ ಹಾರಬೇಕು. ನಮ್ಮ ರಾಜ್ಯದ ಹೆಸರು ಸರಿಯಾಗಿ ಮೂಡಬೇಕಾದರೂ ಈ ಜಿಗಿತ ಬೇಕು!

ಇದನ್ನೆಲ್ಲ ಮಾಡುವ ಕಂಪೋಸಿಟರ್ ಒಂದು ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಇರುವ ಅದರ ಹೆಸರು ಹಾರ್ಫ್‌ಬಜ್. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಇದರ ಹಿಂದಿನ ಮುಖ್ಯ ಮಿದುಳು. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಸೇರಿ ಪ್ರಕಟಿಸಿದ ‘ಓಪನ್‌ಟೈಪ್’ ಎಂಬ ಫಾಂಟ್ ವಿಧಾನದ ಹೆಸರನ್ನೇ ಅವರು ಪರ್ಷಿಯನ್ನಿಗೆ ತಂದು ಹೀಗೆ ಕರೆದರು. ಫಾಂಟು ಮೊಳೆಗಳ ಕೇಸು, ಹಾರ್ಫ್‌ಬಜ್ ಆ ಮೊಳೆಗಳನ್ನು ಆರಿಸುವ ಕೈ. ಅಂಕಿಗಳ ಸಾಲನ್ನು ಮೊದಲು ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ, ಹಾರಬೇಕಾದದ್ದನ್ನು ಹಾರಿಸುತ್ತದೆ, ಯಾವ ಒತ್ತನ್ನು ಎಷ್ಟು ಕೆಳಗೆ ಎಷ್ಟು ಬಲಕ್ಕೆ ಕೂರಿಸಬೇಕೆಂದು ಫಾಂಟಿನೊಳಗಿನ ಕೋಷ್ಟಕವನ್ನು ಕೇಳಿ ಕೂರಿಸುತ್ತದೆ. ನೀವು ಸುದ್ದಿಯೊಂದನ್ನು ಬೆರಳಿನಿಂದ ಮೇಲೆ ಸರಿಸುವಷ್ಟರಲ್ಲಿ ನೂರಾರು ಪದಗಳಿಗೆ ಈ ಕೆಲಸ ಮುಗಿದಿರುತ್ತದೆ. ಆ ಪೇಟೆಬೀದಿಯ ಕಂಪೋಸಿಟರ್ ಇದನ್ನು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಕೈಗೆ ಕೆಲವೊಮ್ಮೆ ಗುಟ್ಟಾಗಿ ಸನ್ನೆ ಮಾಡಬೇಕಾಗುತ್ತದೆ. ‘ರ್ಯಾಂಕ್’ ಎಂದು ಮಾಮೂಲಿಯಾಗಿ ಕುಟ್ಟಿದರೆ ಅರ್ಕಾವತ್ತು ಬರುತ್ತದೆ. ‘ರ‍್ಯಾಂಕ್’ ಬೇಕೆಂದರೆ ‘ರ’ ಆದ ಮೇಲೆ, ವಿರಾಮಕ್ಕೆ ಮುಂಚೆ, ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸಬೇಕು. ವಾಟ್ಸ್‌ಆ್ಯಪಿನಲ್ಲಿ ಅಪ್ಪ, ಅಮ್ಮ, ಮಗು ಸೇರಿ ಒಂದೇ ಚಿತ್ರವಾಗಿ ಕಾಣುವ ಕುಟುಂಬದ ಇಮೋಜಿಯನ್ನು ಹೊಲಿಯುವ ದಾರವೂ ಅದೇ ಸಂಕೇತ. ಇನ್ನು ಅರ್ಕಾವತ್ತು ಕುಟ್ಟಲು ಬಾರದೆ ಕನ್ನಡದ ಒಂಬತ್ತನ್ನು ಹಾಕಿ ‘ಸೂಯ೯’ ಎಂದು ಬರೆಯುವವರು ಇದ್ದಾರೆ. ಕಣ್ಣಿಗೆ ‘ಸೂರ್ಯ’ನೇ, ಆದರೆ ಕಂಪ್ಯೂಟರ್ ಓದುವುದು ‘ಸೂಯ ಒಂಬತ್ತು’. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶವೂ ಅಲ್ಲಿ ಎಡವುತ್ತದೆ. ಹೀಗೆ ಆಕಾರ ನೋಡಿ ಕುಟ್ಟುವ ಬದಲು ಧ್ವನಿ ಹಿಡಿದು ಕುಟ್ಟುವ ಕೀಲಿಮಣೆಯನ್ನು ಕೆ.ಪಿ. ರಾವ್ ನಮಗೆ ಕೊಟ್ಟಿದ್ದಾರೆ. ಅದರಲ್ಲಿ ವಿರಾಮಕ್ಕೆ ಎಫ್ ಕೀಲಿ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನಾವೆಲ್ಲ ಅವರಿಗೆ ಋಣಿಗಳು.

ಇಷ್ಟೆಲ್ಲ ಆದ ಮೇಲೆ ಅಕ್ಷರ ಬಂದು ಸೇರುವುದು ಬಟನ್ನಿಗೆ. ಇಂಗ್ಲಿಷ್ ಬಟನ್ನಿನಲ್ಲಿ ‘ಸಬ್‌ಮಿಟ್’ ಎಂಬುದನ್ನು ಹೆಚ್ಚಾಗಿ ದೊಡ್ಡಕ್ಷರಗಳಲ್ಲೇ ಬರೆಯುತ್ತಾರೆ. ಆ ಆರು ಅಕ್ಷರಗಳಲ್ಲಿ ಒಂದಕ್ಕೂ ಗೆರೆಯ ಕೆಳಗೆ ಕಾಲಿಲ್ಲ. ವಿನ್ಯಾಸಗಾರರು ಅದನ್ನು ನೋಡಿಕೊಂಡು ಬಟನ್ನಿನ ಎತ್ತರ ಕಟ್ಟಿಬಿಡುತ್ತಾರೆ, ಆಮೇಲೆ ಕನ್ನಡ ಅನುವಾದ ತಂದು ಅದೇ ಡಬ್ಬಿಗೆ ತುರುಕುತ್ತಾರೆ. ನಮ್ಮ ಸಾಲಿಗೆ ಮೂರು ಅಂತಸ್ತು: ಮೇಲೆ ಗುಡಿಸು ಮತ್ತು ಏತ್ವ, ನಡುವೆ ಅಕ್ಷರ, ಕೆಳಗೆ ಒತ್ತು. ಅಕ್ಷರದ ಗಾತ್ರ 16 ಪಿಕ್ಸೆಲ್ ಇದ್ದು ಸಾಲಿನ ಎತ್ತರ ಅದರ 1.2 ಪಟ್ಟು ಎಂದರೆ ಸಿಗುವುದು ಸುಮಾರು 19 ಪಿಕ್ಸೆಲ್. ‘ವೈಶಿಷ್ಟ್ಯ’ ಅದರಲ್ಲಿ ಉಸಿರಾಡುವುದಾದರೂ ಹೇಗೆ? 1.6 ಪಟ್ಟು ಕೊಡಿ, ಸುಮಾರು 26 ಪಿಕ್ಸೆಲ್ ಆಗುತ್ತದೆ. ಬಟನ್ನಿಗೆ ‘ಎತ್ತರ ಇಷ್ಟೇ’ ಎಂದು ಬರೆಯುವ ಬದಲು ‘ಕನಿಷ್ಠ ಇಷ್ಟು’ ಎಂದು ಬರೆಯಿರಿ, ಒತ್ತು ಬಂದಾಗ ಅದು ತಾನೇ ಬೆಳೆಯುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಫಾಂಟಿನಲ್ಲಿ ದಪ್ಪ ಅಚ್ಚು ಇಲ್ಲದಿದ್ದರೂ ಬ್ರೌಸರಿನಿಂದ ಬಲವಂತವಾಗಿ ದಪ್ಪ ಮಾಡಿಸುವುದನ್ನೂ ಬಿಡಬೇಕು. ‘ಷ’ದ ಹೊಟ್ಟೆ ತುಂಬಿ ‘ಪ’ದಂತೆ ಕಾಣುವುದು ಅದರಿಂದಲೇ.

ಮಾರಾಟದ ಸಂದೇಶ ಕಳಿಸುವವರದು ಇನ್ನೊಂದು ದೂರು: ಕನ್ನಡ ದುಬಾರಿ. ಲೆಕ್ಕದಲ್ಲಿ ಅದು ನಿಜ. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು 140 ಬೈಟ್. 1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಟೈಪ್‌ರೈಟರ್ ಮುಂದೆ ಕೂತು ಮನಸ್ಸಿಗೆ ಬಂದ ವಾಕ್ಯಗಳನ್ನು ಕುಟ್ಟಿ, ಅಕ್ಷರ ಎಣಿಸಿ, 160 ಇದ್ದರೆ ಸಾಕು ಎಂದು ತೀರ್ಮಾನಿಸಿದರು. ಇಂಗ್ಲಿಷಿನ ಒಂದಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 140 ಬೈಟಿನಲ್ಲಿ 160 ಅಕ್ಷರ ಹಿಡಿದವು. ಕನ್ನಡದ ಪ್ರತಿ ಸಂಕೇತಕ್ಕೆ 16 ಬಿಟ್, ಹಾಗಾಗಿ ನಮಗೆ 70. ‘ನಿಮ್ಮ ಬಿಲ್ ಪಾವತಿ ಯಶಸ್ವಿಯಾಗಿದೆ’ ಎಂಬುದು ಕಣ್ಣಿಗೆ 13 ಅಕ್ಷರ, ಖಾಲಿ ಜಾಗ ಸೇರಿಸಿದರೆ 16. ಮೊಬೈಲಿನ ಲೆಕ್ಕದಲ್ಲಿ 29. ಅದಕ್ಕೇ ‘ನಿಮ್ಮ ಬಿಲ್’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಾರೆ. ಅದನ್ನು ಓದಲಾಗದ ಗಿರಾಕಿಗೆ ಅಂಥ ಸಂದೇಶ ಎಷ್ಟು ಅಗ್ಗವಾದರೂ ದಂಡವೇ. ಕನ್ನಡದಲ್ಲಿ 70ರೊಳಗೆ ಬಿಗಿಯಾಗಿ ಬರೆಯುವವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ನಂಬಿಕೆ.

ಶಿಕ್ಷಕಿಗೆ ಇಷ್ಟೆಲ್ಲ ಬರೆದು, ಜಾಲತಾಣದವರಿಗೆ ಕಳಿಸಿ ಎಂದು ಐದು ಪದಗಳ ಚೀಟಿಯೊಂದನ್ನೂ ಸೇರಿಸಿದೆ: ಸ್ತ್ರೀ, ಕರ್ನಾಟಕ, ವೈಶಿಷ್ಟ್ಯ, ಸ್ವಾತಂತ್ರ್ಯ, ರ‍್ಯಾಂಕ್. ಯಾವುದೇ ಪುಟ ಜನರ ಮುಂದೆ ಹೋಗುವ ಮುಂಚೆ ಈ ಐದನ್ನೂ ಒಂದೊಂದಾಗಿ ಬಟನ್ನಿನಲ್ಲಿಟ್ಟು, ಕಡಿಮೆ ಬೆಲೆಯ ಮೊಬೈಲೊಂದರಲ್ಲಿ ನೋಡಲಿ ಎಂದು. ಹತ್ತು ದಿನ ಬಿಟ್ಟು ಅವರು ಮತ್ತೊಂದು ಚಿತ್ರ ಕಳಿಸಿದರು. ಬಟನ್ ಸ್ವಲ್ಪ ಎತ್ತರವಾಗಿತ್ತು. ಲ ಒತ್ತು ಪೂರ್ತಿ ಕಾಣುತ್ತಿತ್ತು, ಅದರ ಕೆಳಗೆ ಎರಡು ಗೆರೆಯಷ್ಟು ನೀಲಿ ಉಳಿದಿತ್ತು.