ಸಮವಸ್ತ್ರದ ಖರ್ಚು: ಜೂನ್ ತಿಂಗಳ ಹೊರೆಯನ್ನು ಇಳಿಸುವುದು ಹೇಗೆ?





ವಿದ್ಯಾರ್ಥಿವೇತನ ಎಂದರೆ ಶಾಲೆಯ ಫೀಸು ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದಿಂದ ನಮ್ಮ ಬಳಿಗೆ ಬರುವ ಪೋಷಕರು ಮೇ ತಿಂಗಳ ಕೊನೆಯಲ್ಲಿ ಮೊದಲು ಹೇಳಿಕೊಳ್ಳುವುದು ಫೀಸಿನ ವಿಷಯವನ್ನಲ್ಲ, ಸಮವಸ್ತ್ರದ ವಿಷಯವನ್ನು. ಫೀಸಿಗೆ ಕಂತು ಕೇಳಬಹುದು, ಸಮವಸ್ತ್ರಕ್ಕೆ ಕಂತಿಲ್ಲ. ಶಾಲೆ ತೆರೆದ ದಿನವೇ ಅದು ಮಗುವಿನ ಮೈಮೇಲೆ ಇರಬೇಕು.

ನಮ್ಮ ಭಾಗದ ದುಡಿಮೆ ದಿನದ ಲೆಕ್ಕದ್ದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಗೂಡಿನ ಧಾರಣೆಯನ್ನು ನೋಡಿ ಕೆಲಸ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹಮಾಲಿ ಮಾಡುವವರಿಗೆ ಲಾರಿ ಬಂದ ದಿನ ಮಾತ್ರ ಕೂಲಿ. ಸಂಪಾದನೆ ದಿನಕ್ಕಿಷ್ಟು ಎಂದು ಬರುತ್ತದೆ, ಸಮವಸ್ತ್ರದ ಖರ್ಚು ಮಾತ್ರ ಒಂದೇ ವಾರದಲ್ಲಿ ಇಡಿಯಾಗಿ ಬರುತ್ತದೆ. ಮನೆಯಲ್ಲಿ ಮೂರು ಮಕ್ಕಳಿದ್ದರೆ ಬಡ್ಡಿ ಸಾಲವೇ ಗತಿ. ಇಲ್ಲವೆಂದರೆ ಒಂದು ಮಗು, ಅದರಲ್ಲೂ ಹೆಚ್ಚಾಗಿ ಹೆಣ್ಣುಮಗು, ಬಟ್ಟೆ ಬರುವವರೆಗೆ ಮನೆಯಲ್ಲೇ ಉಳಿಯುತ್ತದೆ. ಆರಂಭದ ಎರಡು ವಾರ ತಪ್ಪಿಸಿಕೊಂಡ ಮಗು ಪಾಠದಲ್ಲೂ ಹಿಂದೆ ಬೀಳುತ್ತದೆ.

ಈ ಖರ್ಚು ಏಕೆ ಏರುತ್ತಿದೆ, ಅದರಲ್ಲಿ ಎಷ್ಟನ್ನು ತಪ್ಪಿಸಬಹುದು, ಕಾನೂನು ಪೋಷಕರಿಗೆ ಯಾವ ಆಯ್ಕೆ ಕೊಟ್ಟಿದೆ ಎಂಬುದನ್ನು ಈ ವರದಿಯಲ್ಲಿ ತಮ್ಮ ಮುಂದಿಡುತ್ತಿದ್ದೇವೆ.

ಬೆಲೆ ಏರಿದ್ದು ಎಲ್ಲಿ?

ಬಟ್ಟೆಯ ಬೆಲೆ ಏರಿದ್ದು ನಿಜ. 2022ರಲ್ಲಿ ಹತ್ತಿಯ ಧಾರಣೆ ಒಂದು ಕ್ಯಾಂಡಿಗೆ, ಅಂದರೆ 356 ಕಿಲೋಗೆ, ಒಂದು ಲಕ್ಷ ರೂಪಾಯಿಯ ಆಸುಪಾಸಿಗೆ ಹೋಯಿತು. ಅದೇ ವರ್ಷ ಜನವರಿ 1ರಿಂದ ಸಾವಿರ ರೂಪಾಯಿ ಒಳಗಿನ ಪಾದರಕ್ಷೆಗಳ ಮೇಲಿನ ಜಿಎಸ್‌ಟಿ ಶೇ. 5ರಿಂದ 12ಕ್ಕೆ ಏರಿತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪು ಮತ್ತು ಪಾದರಕ್ಷೆಗಳಿಗೆ ಶೇ. 5ರ ತೆರಿಗೆ ನಿಗದಿಯಾಗಿದೆ. ಹಾಗಾಗಿ ಈ ಸಲ ಶೂ, ಸ್ವೆಟರ್ ಕೊಳ್ಳುವಾಗ ಬಿಲ್ಲು ಕೇಳಿ ಪಡೆದು, ತೆರಿಗೆ ಎಷ್ಟು ಹಾಕಿದ್ದಾರೆ ಎಂದು ನೋಡಿಕೊಳ್ಳಿ.

ಆದರೆ ಖಾಸಗಿ ಶಾಲೆಗಳ ಮಟ್ಟಿಗೆ ಬಟ್ಟೆಯ ಬೆಲೆಗಿಂತ ಹೆಚ್ಚಾಗಿ ಬೆಳೆದಿರುವುದು ಬಟ್ಟೆಗಳ ಪಟ್ಟಿ. ಒಂದು ಕಾಲಕ್ಕೆ ಎರಡು ಜೊತೆ ಬಟ್ಟೆ, ಒಂದು ಜೊತೆ ಶೂ ಇದ್ದರೆ ವರ್ಷ ಕಳೆಯುತ್ತಿತ್ತು. ಈಗ ವಾರದ ನಾಲ್ಕು ದಿನಕ್ಕೆ ಒಂದು ಉಡುಪು, ಬುಧವಾರಕ್ಕೋ ಶನಿವಾರಕ್ಕೋ ಬಿಳಿ ಉಡುಪು, ಅದಕ್ಕೆ ಬಿಳಿ ಶೂ, ಆಟದ ದಿನಕ್ಕೆ ತಂಡದ ಬಣ್ಣದ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್. ಜೊತೆಗೆ ಟೈ, ಬೆಲ್ಟ್, ಗೆರೆಯಿರುವ ಸಾಕ್ಸ್. ನಂದಿ ಬೆಟ್ಟದ ಕೆಳಗಿನ ನಮ್ಮ ಊರುಗಳಲ್ಲಿ ಡಿಸೆಂಬರ್ ಚಳಿಗೆ ಸ್ವೆಟರ್ ಬೇಕೇ ಬೇಕು; ಅದೂ ಶಾಲೆಯ ಬಣ್ಣದ್ದೇ ಆಗಬೇಕು. ಇವುಗಳಲ್ಲಿ ಒಂದೊಂದರ ಮೇಲೂ ಶಾಲೆಯ ಲಾಂಛನ ಅಚ್ಚಾಗಿದ್ದರೆ, ಅದು ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಚೌಕಾಸಿ ಇರುವುದಿಲ್ಲ.

ಅಣ್ಣನ ಬಟ್ಟೆ ತಮ್ಮನಿಗೆ, ಅಕ್ಕನದು ತಂಗಿಗೆ ಎಂಬುದು ನಮ್ಮ ಮನೆಗಳ ಹಳೆಯ ರೂಢಿ. ಶಾಲೆ ಬಣ್ಣ ಅಥವಾ ಚೌಕಳಿ ಬದಲಿಸಿದ ವರ್ಷ ಆ ರೂಢಿಯೂ ಮುರಿದು, ಚೆನ್ನಾಗಿರುವ ಬಟ್ಟೆ ಮೂಲೆ ಸೇರುತ್ತದೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ಏನು ಸಿಗುತ್ತದೆ?

ಉರ್ದು ಮಾಧ್ಯಮವೂ ಸೇರಿದಂತೆ ಸರ್ಕಾರಿ ಶಾಲೆಗಳ 1ರಿಂದ 10ನೇ ತರಗತಿಯ ಮಕ್ಕಳಿಗೆ ರಾಜ್ಯದ ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತ ಸಮವಸ್ತ್ರ ಬರುತ್ತದೆ. ಎರಡನೇ ಜೊತೆಗೆ ಸಮಗ್ರ ಶಿಕ್ಷಣ ಯೋಜನೆಯ ನೆರವಿದೆ; ಅದು 8ನೇ ತರಗತಿವರೆಗೆ ಮಾತ್ರ. ಆ ಯೋಜನೆಯ ಮಾನದಂಡ ಎರಡು ಜೊತೆಗೆ 600 ರೂಪಾಯಿ, ಅಂದರೆ ಒಂದು ಜೊತೆಗೆ 300. ಶೂ ಮತ್ತು ಎರಡು ಜೊತೆ ಸಾಕ್ಸ್‌ಗೆ 2023-24ರಲ್ಲಿ ರಾಜ್ಯ ಸರ್ಕಾರ ಕೊಟ್ಟ ದರ 1ರಿಂದ 5ನೇ ತರಗತಿಗೆ 265 ರೂ., 6ರಿಂದ 8ಕ್ಕೆ 295 ರೂ., 9 ಮತ್ತು 10ಕ್ಕೆ 325 ರೂ. ಹಣ ಶಾಲಾಭಿವೃದ್ಧಿ ಸಮಿತಿಯ ಮೂಲಕ ಖರ್ಚಾಗುತ್ತದೆ. ಆದುದರಿಂದ ಪೋಷಕರು ಎಸ್‌ಡಿಎಂಸಿ ಸಭೆಗೆ ಹೋಗಿ, ಶೂ ಯಾವಾಗ ಬರುತ್ತದೆ, ಯಾವ ಗುಣಮಟ್ಟದ್ದು ಎಂದು ಕೇಳಬೇಕು.

ಎರಡನೇ ಜೊತೆ ತಾನಾಗಿ ಬಂದದ್ದಲ್ಲ. ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 2019ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್, ಮಕ್ಕಳಿಗೆ ಎರಡನೇ ಜೊತೆ ಸಮವಸ್ತ್ರ ಕೊಡಲೇಬೇಕೆಂದು ಸರ್ಕಾರಕ್ಕೆ ಆದೇಶಿಸಿತು. ಅದರ ಪಾಲನೆ ತಡವಾದಾಗ 2023ರಲ್ಲಿ ನ್ಯಾಯಾಲಯ ಮತ್ತೆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಒಂದು ಮನೆಯವರು ಕೇಳಿದ್ದರಿಂದ ರಾಜ್ಯದ ಎಲ್ಲ ಮಕ್ಕಳ ಹಕ್ಕು ಗಟ್ಟಿಯಾಯಿತು.

ಆದರೂ ಎರಡು ಕಡೆ ಜೇಬಿಗೆ ಹೊರೆ ಉಳಿದಿದೆ. ಮೊದಲನೆಯದು, ಸಮವಸ್ತ್ರ ಬಟ್ಟೆಯ ರೂಪದಲ್ಲಿ ಬಂದಾಗ ಹೊಲಿಗೆ ಕೂಲಿ ಮನೆಯವರದು. ಎರಡನೆಯದು, ಹೆಣ್ಣುಮಕ್ಕಳ ಪ್ರೌಢಶಾಲೆಯ ಖರ್ಚು. ಒಂದನೇ ತರಗತಿಯ ಹುಡುಗನ ಅಂಗಿ ಚಡ್ಡಿಗೆ ಸುಮಾರು ಎರಡು ಮೀಟರ್ ಬಟ್ಟೆ ಸಾಕು. ಒಂಬತ್ತನೇ ತರಗತಿಯ ಹುಡುಗಿಯ ಚೂಡಿದಾರಕ್ಕೆ ಟಾಪು, ಪ್ಯಾಂಟು, ವೇಲು ಸೇರಿ ಸುಮಾರು ಆರು ಮೀಟರ್ ಬೇಕು. ಹೊಲಿಗೆ ಕೂಲಿಯೂ ಹೆಚ್ಚು. ಎರಡನೇ ಜೊತೆಯ ನೆರವು ನಿಲ್ಲುವುದೂ ಅದೇ ತರಗತಿಗೆ. ಹುಡುಗಿಯನ್ನು ಮುಂದೆ ಓದಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ಏಳುವ ವಯಸ್ಸೂ ಅದೇ.

ಇದಕ್ಕೆ ಇನ್ನೊಂದು ಕಾರಣ ಸೇರಿದೆ. 2008ರಿಂದ ನಡೆದುಬಂದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ತಿಂಗಳಿಗೆ 100 ರೂಪಾಯಿಯಂತೆ ಹತ್ತು ತಿಂಗಳಿಗೆ 1,000 ರೂಪಾಯಿ ಬರುತ್ತಿತ್ತು. ಮೊತ್ತ ಚಿಕ್ಕದಾದರೂ ಹೊಲಿಗೆಗೋ ಶೂಗೋ ಆಗುತ್ತಿತ್ತು. 2022-23ರಿಂದ ಕೇಂದ್ರ ಸರ್ಕಾರ ಅದನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು. ಎಂಟನೇ ತರಗತಿವರೆಗೆ ಶಿಕ್ಷಣ ಹಕ್ಕು ಕಾಯ್ದೆಯಡಿ ಶಿಕ್ಷಣ ಉಚಿತ ಎಂಬುದು ಅದಕ್ಕೆ ಕೊಟ್ಟ ಕಾರಣ.

ಪೋಷಕರಿಗೆ ಕಾನೂನು ಕೊಟ್ಟಿರುವ ಆಯ್ಕೆ

ಸಮವಸ್ತ್ರ ಎಂದೊಡನೆ ನಮ್ಮ ಸಮುದಾಯದ ಮನೆಗಳಲ್ಲಿ 2022 ನೆನಪಾಗುತ್ತದೆ. ಆ ವಿವಾದವನ್ನು ನಾವು ಇಲ್ಲಿ ಎತ್ತುತ್ತಿಲ್ಲ. ಆದರೆ ಆ ವರ್ಷ ಮಾರ್ಚ್ 15ರ ಹೈಕೋರ್ಟ್ ತೀರ್ಪಿನಲ್ಲಿ ಚರ್ಚೆಗೆ ಬಂದ 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳ 11ನೇ ನಿಯಮದಲ್ಲಿ ಖರ್ಚಿಗೆ ಸಂಬಂಧಿಸಿದ ಮಾತುಗಳೂ ಇವೆ. ಎಲ್ಲ ಧರ್ಮದ, ಎಲ್ಲ ಜಾತಿಯ ಪೋಷಕರಿಗೂ ಉಪಯೋಗವಾಗುವ ಆ ಮಾತುಗಳ ಸಾರ ಹೀಗಿದೆ:

1. ಮಾನ್ಯತೆ ಪಡೆದ ಶಾಲೆ ತನ್ನ ಸಮವಸ್ತ್ರವನ್ನು ತಾನು ನಿಗದಿ ಮಾಡಬಹುದು. ಆದರೆ ಒಮ್ಮೆ ನಿಗದಿ ಮಾಡಿದ ಮೇಲೆ ಮುಂದಿನ ಐದು ವರ್ಷ ಬದಲಿಸುವಂತಿಲ್ಲ.
2. ಬದಲಿಸಬೇಕೆಂದಿದ್ದರೆ ಕನಿಷ್ಠ ಒಂದು ವರ್ಷ ಮುಂಚೆ ಪೋಷಕರಿಗೆ ನೋಟಿಸು ಕೊಡಬೇಕು.
3. ಶಾಲೆಯಲ್ಲೇ ಅಥವಾ ಶಾಲೆ ಸೂಚಿಸಿದ ಅಂಗಡಿಯಲ್ಲೇ ಬಟ್ಟೆ, ಪಠ್ಯಪುಸ್ತಕ ಕೊಳ್ಳುವುದು, ಶಾಲೆ ಸೂಚಿಸಿದ ದರ್ಜಿಯ ಬಳಿಯೇ ಹೊಲಿಸುವುದು ವಿದ್ಯಾರ್ಥಿಯ ಅಥವಾ ಪೋಷಕರ ಇಷ್ಟಕ್ಕೆ ಬಿಟ್ಟದ್ದು. ಶಾಲೆ ಬಲವಂತ ಮಾಡುವಂತಿಲ್ಲ.

ಸಿಬಿಎಸ್‌ಇ ಮಂಡಳಿಯೂ 2017ರ ಏಪ್ರಿಲ್‌ನಲ್ಲಿ ತನ್ನ ಶಾಲೆಗಳಿಗೆ, ಪುಸ್ತಕ ಮತ್ತು ಸಮವಸ್ತ್ರದ ವ್ಯಾಪಾರ ಮಾಡಬಾರದು, ಗೊತ್ತುಪಡಿಸಿದ ಅಂಗಡಿಯಲ್ಲೇ ಕೊಳ್ಳಿರೆಂದು ಒತ್ತಾಯಿಸಬಾರದು ಎಂದು ಸುತ್ತೋಲೆ ಹೊರಡಿಸಿದೆ. ದೂರದ ಇಂಗ್ಲೆಂಡಿನಲ್ಲೂ ಇದೇ ತೊಂದರೆ. ಅಲ್ಲಿ 2021ರಲ್ಲಿ ಇದಕ್ಕೆಂದೇ ಕಾಯ್ದೆ ಬಂತು. ಲಾಂಛನವಿರುವ ಬಟ್ಟೆಗಳನ್ನು ಆದಷ್ಟು ಕಡಿಮೆ ಮಾಡಬೇಕು, ಬಳಸಿದ ಸಮವಸ್ತ್ರ ಸಿಗುವ ವ್ಯವಸ್ಥೆ ಇರಬೇಕು ಎಂಬುದು ಅದರಡಿಯ ಮಾರ್ಗಸೂಚಿ.

ನಿಯಮ ಗೊತ್ತಿದೆ ಎಂದು ಶಾಲೆಯ ಬಾಗಿಲಲ್ಲಿ ಜಗಳಕ್ಕೆ ನಿಲ್ಲಬೇಕಿಲ್ಲ. ನಾಲ್ಕೈದು ಪೋಷಕರು ಸೇರಿ ಮುಖ್ಯೋಪಾಧ್ಯಾಯರನ್ನು ಕಂಡು, "ಬಣ್ಣ, ಚೌಕಳಿ ನೀವು ಹೇಳಿದ್ದೇ ಇರಲಿ, ಬಟ್ಟೆ ನಾವು ಹೊರಗೆ ಕೊಂಡು ಹೊಲಿಸುತ್ತೇವೆ, ಲಾಂಛನದ ಪಟ್ಟಿಯನ್ನು ಮಾತ್ರ ಬಿಡಿಯಾಗಿ ಕೊಡಿ" ಎಂದು ವಿನಯದಿಂದ ಕೇಳಿ. ಒಪ್ಪದಿದ್ದರೆ ಅದನ್ನೇ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅನಂತರ ನಿಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಚಿಕ್ಕಬಳ್ಳಾಪುರದ ಉಪನಿರ್ದೇಶಕರ ಕಚೇರಿಗೆ ಅರ್ಜಿ ಕೊಡಬಹುದು. ಅರ್ಜಿ ಬರೆಯಲು ತಿಳಿಯದವರಿಗೆ ನಾವು ಬರೆದುಕೊಡುತ್ತೇವೆ.

ಮನೆಯಲ್ಲಿ ಮಾಡಬಹುದಾದದ್ದು

ಬಟ್ಟೆಯನ್ನು ಏಪ್ರಿಲ್‌ನಲ್ಲಿ, ಫಲಿತಾಂಶ ಬಂದ ಕೂಡಲೇ ಕೊಳ್ಳಿ. ಮೇ ಕೊನೆಯಲ್ಲಿ ದರ್ಜಿಗಳ ಬಳಿ ರಾಶಿ ಬಿದ್ದಾಗ ಕೂಲಿ ಏರುತ್ತದೆ, ಬಟ್ಟೆ ಕೈಗೆ ಬರುವುದೂ ತಡವಾಗುತ್ತದೆ. ಒಂದೇ ಶಾಲೆಯ ಹತ್ತು ಮನೆಯವರು ಸೇರಿ ಒಂದೇ ತಾನಿನಿಂದ ಕತ್ತರಿಸಿಕೊಂಡರೆ ಸಗಟು ದರ ಕೇಳಬಹುದು. ಹೊಲಿಸುವಾಗ ಅಂಚಿನಲ್ಲಿ, ಪಕ್ಕದಲ್ಲಿ ಮಡಿಕೆ ಬಿಡಿಸಿ. ಬೆಳೆಯುವ ಮಗುವಿಗೆ ಮರುವರ್ಷ ಬಿಚ್ಚಿ ಹೊಲಿದರೆ ಸಾಕು. ಶೂ ಮಾತ್ರ ಅಳತೆಗೆ ಸರಿಯಾಗಿರಲಿ. ದೊಡ್ಡದು ಕೊಂಡರೆ ಕಾಲೂ ಕೆಡುತ್ತದೆ, ಶೂ ಸಹ ಬೇಗ ಹಾಳಾಗುತ್ತದೆ. ಚಿಕ್ಕದಾದ ಸಮವಸ್ತ್ರವನ್ನು ತೊಳೆದು, ಇಸ್ತ್ರಿ ಮಾಡಿ, ಶಾಲೆಯ ಹೆಸರು ಮತ್ತು ಅಳತೆಯ ಚೀಟಿ ಹಚ್ಚಿ ನಮಗೆ ತಲುಪಿಸಿದರೆ ಇನ್ನೊಂದು ಮಗುವಿಗೆ ಆಗುತ್ತದೆ. ಯಾರ ಬಟ್ಟೆ ಯಾರಿಗೆ ಹೋಯಿತು ಎಂಬುದನ್ನು ನಾವು ಯಾರಿಗೂ ಹೇಳುವುದಿಲ್ಲ.

ದಾನಿಗಳಲ್ಲಿ ಒಂದು ವಿನಂತಿ

ದಾನದ ಕಾಲಕ್ಕೂ ಶಾಲೆಯ ಕಾಲಕ್ಕೂ ಇರುವ ಅಂತರವನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ. ಚಾಂದ್ರಮಾನ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. 2017 ಮತ್ತು 2018ರಲ್ಲಿ ರಂಜಾನ್ ಮೇ-ಜೂನ್‌ನಲ್ಲಿ ಬಂದಿತ್ತು. ಈದಿನ ಬಟ್ಟೆ, ಶಾಲೆಯ ಬಟ್ಟೆ ಎರಡೂ ಒಂದೇ ತಿಂಗಳಿಗೆ ಬಿದ್ದರೂ ಝಕಾತ್ ಸಹ ಅದೇ ತಿಂಗಳು ಬರುತ್ತಿತ್ತು. 2025ರಲ್ಲಿ ರಂಜಾನ್ ಮಾರ್ಚ್‌ನಲ್ಲೇ ಮುಗಿಯಿತು. ಬಕ್ರೀದ್ ಜೂನ್ 7ಕ್ಕೆ, ಶಾಲೆಗಳು ತೆರೆದ ಹೊಸತರಲ್ಲೇ ಬಂತು. ಅಂದರೆ ನೆರವು ಬರುವ ತಿಂಗಳು ಮುಂಚೆ ಸರಿದಿದೆ, ಖರ್ಚಿನ ತಿಂಗಳು ಜೂನ್‌ನಲ್ಲೇ ನಿಂತಿದೆ. ಬರುವ ವರ್ಷಗಳಲ್ಲಿ ಈ ಅಂತರ ಇನ್ನೂ ಹೆಚ್ಚುತ್ತದೆ.

ಇದನ್ನೇ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ರಂಜಾನ್‌ನಲ್ಲಿ ಕೊಡುವ ಮೊತ್ತದಲ್ಲಿ ಒಂದು ಭಾಗವನ್ನು "ಸಮವಸ್ತ್ರಕ್ಕೆ" ಎಂದು ಗುರುತಿಸಿ ಕೊಟ್ಟರೆ ಏಪ್ರಿಲ್‌ನಲ್ಲಿ ಸಗಟು ಬಟ್ಟೆ ಕೊಂಡು, ಊರಿನಲ್ಲೇ ಹೊಲಿಗೆ ಬಲ್ಲ ಹೆಣ್ಣುಮಕ್ಕಳಿಗೆ ಹೊಲಿಯಲು ಕೊಡಬಹುದು. ಒಂದೇ ಹಣ ಎರಡು ಮನೆಗೆ ಆಸರೆಯಾಗುತ್ತದೆ. ಝಕಾತ್ ಮತ್ತು ಸದಕಾ ಲೆಕ್ಕಗಳನ್ನು ಬೇರೆ ಬೇರೆ ಇಡುತ್ತೇವೆ. ದಯವಿಟ್ಟು ಕೊಡುವಾಗ ಯಾವುದೆಂದು ತಿಳಿಸಿ. ಜವಳಿ ವ್ಯಾಪಾರದಲ್ಲಿರುವ ದಾನಿಗಳು ಬಟ್ಟೆಯನ್ನೇ ಕೊಡಬಹುದು. ಆದರೆ ಶಾಲೆಯ ಬಣ್ಣವನ್ನು ನಮ್ಮಲ್ಲಿ ಕೇಳಿ ಕೊಡಿ.

ಅರ್ಜಿದಾರರ ಗಮನಕ್ಕೆ

ಈ ವರ್ಷದ ವಿದ್ಯಾರ್ಥಿವೇತನ ಅರ್ಜಿಯಲ್ಲಿ ಸಮವಸ್ತ್ರಕ್ಕೆ ಪ್ರತ್ಯೇಕ ಕಲಂ ಇದೆ. ಶಾಲೆ ಕೊಟ್ಟ ಬಟ್ಟೆಗಳ ಪಟ್ಟಿ, ಕಳೆದ ಸಾಲಿನ ಬಿಲ್ಲು ಇದ್ದರೆ ಅದರ ಪ್ರತಿ, ಸರ್ಕಾರಿ ಶಾಲೆಯಾದರೆ ಎಷ್ಟು ಜೊತೆ ಬಂದಿದೆ ಎಂಬ ವಿವರ ಲಗತ್ತಿಸಿ. ಬಿಲ್ಲು ಇಲ್ಲವೆಂದು ಅರ್ಜಿ ಹಾಕದೆ ಉಳಿಯಬೇಡಿ. ದರ್ಜಿಯಿಂದ ಒಂದು ಚೀಟಿ ಬರೆಸಿ ತಂದರೂ ಸಾಕು. 9 ಮತ್ತು 10ನೇ ತರಗತಿಗೆ ಹೋಗುವ ಹೆಣ್ಣುಮಕ್ಕಳ ಅರ್ಜಿಗಳನ್ನು ಮೊದಲು ನೋಡುತ್ತೇವೆ. ಒಂದೇ ಮನೆಯ ಎಲ್ಲ ಮಕ್ಕಳ ಹೆಸರನ್ನು ಒಂದೇ ಅರ್ಜಿಯಲ್ಲಿ ಬರೆಯಿರಿ. ಬಟ್ಟೆ ಇಲ್ಲದೆ ಮಗು ಈಗಲೇ ಮನೆಯಲ್ಲಿ ಉಳಿದಿದ್ದರೆ ಅರ್ಜಿಯ ಸರದಿಗೆ ಕಾಯದೆ ನೇರವಾಗಿ ನಮ್ಮನ್ನು ಕಾಣಿ.